ಇಪ್ಪತ್ತಾರನೇ ಇಂಜಿನ್ನಿನ ಹಿಂಬದಿ

ಪುಣೆಯ ಸ್ವಾರಗೇಟಿನಲ್ಲಿ ಬಸ್ಸಿನಿಂದ ಇಳಿದ ಮೇಲೂ, ಬೇಕಾದರೆ ಇಲ್ಲಿಂದಲೇ ತಿರುಗಿ ಹೋಗಬಹುದು ಎಂಬ ಒಂದು ಹಾಳು ಸಮಾಧಾನ ಮಾರ್ತಾಂಡನಲ್ಲಿ ಉಳಿದಿತ್ತು. ಹಡಪಸರದ ಬಸ್ಸು ಎದುರಿಗೇ ನಿಂತಿದೆ. ಹತ್ತಿ ಕೂತರೆ ಮುಕ್ಕಾಲು ತಾಸಿನಲ್ಲಿ ಮನೆ. ತಲೆ ಸಿಡಿಯುತ್ತದೆ ಎಂದು ಮಗ್ಗಲಾದರೆ ಹೆಂಡತಿ ಇಂದೂ ಹಣೆಗೆ ಮುಲಾಮು ಹಚ್ಚಿ ತನ್ನ ಕೆಲಸಕ್ಕೆ ಹೋಗುತ್ತಾಳೆ, ಹೆಚ್ಚು ಕೆದಕಿ ಕೇಳುವವಳಲ್ಲ ಅವಳು. ಧನಕವಡಿಯಲ್ಲಿ ಕಾಯುತ್ತಿರುವ ವರದಾಬಾಯಿಗೆ ಫೋನು ಮಾಡಿ ಏನಾದರೊಂದು ಹೇಳಿದರಾಯಿತು. ಏನಾದರೊಂದು ಹೇಳುವುದರಲ್ಲಿ ಈ ಹದಿನೈದು ದಿನಗಳಲ್ಲಿ ಅವನ ಕೈ ಚೆನ್ನಾಗಿಯೇ ಪಳಗಿತ್ತು. ಹೆಗಲಿನ ಚೀಲವನ್ನು ಎದೆಯ ಮುಂದಕ್ಕೆ ಎಳೆದುಕೊಂಡು, ಅದರೊಳಗಿನ ಆಲ್ಬಮ್ಮಿನ ಮೂಲೆ ಪಕ್ಕೆಲುಬಿಗೆ ಚುಚ್ಚುತ್ತಿದ್ದರೂ ಸರಿಪಡಿಸಿಕೊಳ್ಳದೆ, ಅವನು ಧನಕವಡಿಯ ಬಸ್ಸಿನ ಸಾಲಿನಲ್ಲಿಯೇ ನಿಂತ. ಧೈರ್ಯ ಮಾಡಿ ನಿಂತ ಎಂದೇನೂ ತಿಳಿಯಬೇಡಿ. ಹಿಂದೆ ಜನ ಸೇರಿಬಿಟ್ಟಿದ್ದರು, ಸಾಲು ಬಿಟ್ಟು ಹೊರಬರಬೇಕೆಂದರೆ ನಾಲ್ಕು ಮಂದಿಗೆ ‘ಜರಾ ಸರ್ಕಾ’, ಸ್ವಲ್ಪ ಸರಿಯಿರಿ, ಎನ್ನಬೇಕಾಗುತ್ತಿತ್ತು, ಅಷ್ಟು ದನಿ ಆಗ ಅವನ ಗಂಟಲಲ್ಲಿರಲಿಲ್ಲ.

ಚೀಲದಲ್ಲಿ ಎರಡು ವಸ್ತು. ಒಂದು, ನಲವತ್ತೆಂಟು ರೈಲು ಇಂಜಿನ್ನುಗಳ ಕಾರ್ಡಿನ ಆಲ್ಬಮ್ಮು. ಇನ್ನೊಂದು, ನಾಲ್ಕು ಮಡಿಕೆ ಮಾಡಿದ ಫುಲ್‌ಸ್ಕೇಪ್ ಹಾಳೆ. ಹಾಳೆಯಲ್ಲಿದ್ದದ್ದು ಬಹುಪಾಲು ಸುಳ್ಳು. ಅದನ್ನು ವರದಾಬಾಯಿಯ ಕೈಗೆ, ಅವಳ ಸತ್ತ ಅಣ್ಣನ ಮಾತು ಎಂದು ಕೊಟ್ಟುಬರಲು ಅವನು ಹೊರಟಿದ್ದ.

ಬೆಳಗಾವಿಯಲ್ಲಿ ಅವನು ಹನ್ನೆರಡು ವರ್ಷದವನಿದ್ದಾಗ ಬಂಟಿ ಬಬಲ್‌ಗಮ್ ಎಂಬುದೊಂದು ಬರುತ್ತಿತ್ತು. ಅಗಿದರೆ ಎರಡೇ ನಿಮಿಷಕ್ಕೆ ಸಪ್ಪಗಾಗುವ ಮಾಲು, ಆದರೆ ಒಳಗೊಂದು ಇಂಜಿನ್ನಿನ ಕಾರ್ಡು. ಕಂಪನಿಯವರು ಇಪ್ಪತ್ತಾರನೇ ನಂಬರನ್ನು ಬೇಕೆಂತಲೇ ಕಡಿಮೆ ಹಾಕುತ್ತಿದ್ದರು ಎಂದು ಹುಡುಗರೆಲ್ಲ ಬೈಯುತ್ತಿದ್ದರು. ಸೇತುವೆಯ ಮೇಲೆ ಹೊಗೆ ಬಿಡುತ್ತ ನಿಂತ ಸಣ್ಣ ಗೇಜಿನ ಕಪ್ಪು ಇಂಜಿನ್ನು. ಮಾರ್ತಾಂಡನ ಹತ್ತಿರ ನಲವತ್ತೇಳು ಇದ್ದವು, ಅದೊಂದಿರಲಿಲ್ಲ. ವಯಸ್ಸು ಐವತ್ತೆರಡಾದರೂ ಇರಲಿಲ್ಲ. ನಗಬೇಡಿ, ಅದು ಅವನಿಗೆ ನಗುವ ಸಂಗತಿಯಾಗಿರಲಿಲ್ಲ. ಈಗ ಪುಣೆಯಲ್ಲಿ ಅಂಥದೇ ಹುಚ್ಚಿನ ಇಪ್ಪತ್ತು ಮೂವತ್ತು ಮಂದಿ ತಿಂಗಳಿಗೊಮ್ಮೆ ವಿಕ್ರಮ ಎಂಬವನ ಮನೆಯ ಗಚ್ಚಿಯ ಮೇಲೆ, ತೆರೆದ ತಾರಸಿಯಲ್ಲಿ, ಸೇರುತ್ತಾರೆ, ಹಳೆಯ ಕಾರ್ಡುಗಳನ್ನು ಅಂಚು ಹಿಡಿದು ಕೈಯಿಂದ ಕೈಗೆ ದಾಟಿಸುತ್ತಾರೆ, ಬೆಲೆ ಕಟ್ಟುತ್ತಾರೆ. ಬೆಲೆ ಕಟ್ಟುವುದರಲ್ಲಿ ಮಾರ್ತಾಂಡನ ಮಾತೇ ಕೊನೆಯದು. ಮೂಲೆ ಮೊಂಡಾಗಿದೆಯೋ, ಚಿತ್ರ ಒಂದು ಕೂದಲೆಳೆ ಎಡಕ್ಕೆ ಸರಿದು ಅಚ್ಚಾಗಿದೆಯೋ, ನಡುವೆ ಮಡಿಕೆ ಬಿದ್ದು ಮತ್ತೆ ನೇರವಾಗಿದೆಯೋ, ಎಲ್ಲ ಅವನ ಕಣ್ಣಿಗೆ ತಾನಾಗಿ ಬೀಳುತ್ತದೆ. ಹಡಪಸರದ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ತಗಡಿನ ಬಿಡಿಭಾಗಗಳನ್ನು ಬೆಳಕಿಗೆ ಓರೆ ಹಿಡಿದು, ಗೀರು ಕಂಡದ್ದಕ್ಕೆ ಕೆಂಪು ಚೀಟಿ ಕಟ್ಟಿದ ಕಣ್ಣು ಅದು. ಕಾರ್ಡು ಮುಂದೆ ಹಿಡಿದವರಿಗೆ ಅವನ ಮೊದಲ ಪ್ರಶ್ನೆ ಒಂದೇ: ‘ಮಾಗೂನ್ ಕೋರೇ ಆಹೇ ಕಾ?’ ಹಿಂಬದಿ ಖಾಲಿ ಇದೆಯೇ ಎಂದು. ಯಾವನೋ ಹುಡುಗ ಹಿಂದೆ ತನ್ನ ಹೆಸರು ಗೀಚಿದ್ದರೆ ಬೆಲೆ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದು ಅವರ ಗಚ್ಚಿಯ ಕಾನೂನು, ಅದನ್ನು ಹಾಕಿಕೊಟ್ಟವನೂ ಅವನೇ.

ವರದಾಬಾಯಿ ಸಿಕ್ಕಿದ್ದು ಇಂದೂನ ಕಡೆಯಿಂದ, ಕನ್ನಡದ ಹೆಂಗಸರ ಭಜನೆಗೆ ಹೋದಲ್ಲಿ ಪರಿಚಯ. ಧಾರವಾಡದವಳು, ಚಿಕ್ಕ ವಯಸ್ಸಿನಲ್ಲಿ ಗಂಡ ಹೋದವಳು, ಧನಕವಡಿಯ ಯಾವುದೋ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಮದುವೆಯಾಗದ ಅಣ್ಣ ಅವಧೂತ ಅವಳ ಜೊತೆಗಿದ್ದು ಕಳೆದ ವರ್ಷ ತೀರಿಕೊಂಡಿದ್ದ. ಆರು ತಿಂಗಳ ಹಿಂದೆ ಅವಳು ತಾನಾಗಿ ಹಡಪಸರಕ್ಕೆ ಬಂದು, ಬಿಸ್ಕೀಟಿನ ತಗಡಿನ ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟು, “ನಮ್ಮಣ್ಣಂದು ರೀ. ನನಗ ಮನ್ಯಾಗ ಇಟ್ಕೊಳ್ಳಿಕ್ಕೆ ಆಗವಲ್ದು. ನಿಮಗ ಇದರಾಗಿಂದು ತಿಳೀತದಂತ, ನೀವ ಏನ್ ಕೊಡ್ತೀರಿ ಕೊಡ್ರಿ,” ಅಂದಿದ್ದಳು. ಇಡೀ ಸೆಟ್ಟು. ಇಪ್ಪತ್ತಾರು ಅದರ ನಡುವೆ ಎಷ್ಟು ಸಾಧಾರಣವಾಗಿ ಮಲಗಿತ್ತೆಂದರೆ ಮಾರ್ತಾಂಡನ ಕಿವಿಯೆಲ್ಲ ಬಿಸಿಯಾಯಿತು. ತಿರುಗಿಸಿದ. ಹಿಂದೆ ಪೆನ್ಸಿಲ್ಲಿನ ಬರಹ. ಎಲ್ಲದರ ಹಿಂದೆಯೂ ಇತ್ತು, ಒಂದೆರಡು ಸಾಲು, ಸಣ್ಣ ಅಕ್ಷರ. ಅವನಿಗೆ ಒಳಗೊಳಗೇ ಆದದ್ದು ಸಂತೋಷ. ಈಗ ಬಸ್ಸಿನ ಕಿಟಕಿಗೆ ಹಣೆ ಆನಿಸಿ ನೆನೆದರೆ ಮೈ ಹಿಡಿಯಾಗುವುದು ಆ ಸಂತೋಷಕ್ಕೆ. “ಏನ್ ಮಾಡೂದ್ರಿ, ಹಿಂದ ಗೀಚಿಬಿಟ್ಟಾರ. ಇದಕ್ಕ ಭಾಳ ಬೆಲೆ ಬರಂಗಿಲ್ಲ,” ಎಂದು ಮುಖ ಸಣ್ಣದು ಮಾಡಿ ಹೇಳಿದ್ದ. ಸುಳ್ಳೇನಲ್ಲ. ಕಾನೂನಿನ ಪ್ರಕಾರವೇ ಹೇಳಿದ್ದ. ಅವಳು “ಹೌದ್ರಿ?” ಎಂದು ನೊಂದುಕೊಂಡವಳ ಹಾಗೆ ಡಬ್ಬಿಯ ಮುಚ್ಚಳವನ್ನು ಸವರಿ, ಅವನು ಹೇಳಿದ್ದಕ್ಕೆ ಒಪ್ಪಿ, ಇಂದೂ ಕೊಟ್ಟ ಚಹಾವನ್ನು ಅರ್ಧ ಕುಡಿದು ಎದ್ದು ಹೋಗಿದ್ದಳು.

ಆಮೇಲೆ ಎರಡು ರವಿವಾರ ಅವನು ಅಳಿಸಿದ. ಮೆತ್ತನೆಯ ಬಿಳಿ ರಬ್ಬರು, ಹಳೆಯ ದಾಡಿ ಬ್ರಶ್ಶು, ಕೆಳಗೊಂದು ಗಾಜಿನ ಹಲಗೆ. ಒತ್ತಬಾರದು, ಒಂದೇ ದಿಕ್ಕಿಗೆ ಎಳೆಯಬೇಕು, ಚೂರುಗಳನ್ನು ಊದಬಾರದು, ಬ್ರಶ್ಶಿನಿಂದ ಗುಡಿಸಬೇಕು. ಊದಿದರೆ ಉಗುಳಿನ ತೇವ ಹತ್ತುತ್ತದೆ. ಇದನ್ನೆಲ್ಲ ಅವನು ಹೊಸಬರಿಗೆ ಎಷ್ಟು ಸಲ ಹೇಳಿಕೊಟ್ಟಿದ್ದನೋ. ಇಂದೂ ಮೆಂತ್ಯದ ಸೊಪ್ಪು ಬಿಡಿಸುತ್ತ ಪಕ್ಕಕ್ಕೆ ಬಂದು ನಿಂತು, “ಏನ್ ಬರದದರಿ ಅದರಾಗ?” ಎಂದು ಕೇಳಿದ್ದಳು. “ಏನೋ ಹುಡುಗರ ಗೀಚಾಟ,” ಎಂದು ತಲೆಯೆತ್ತದೆ ಹೇಳಿದ್ದ. ಓದಿರಲಿಲ್ಲ. ಅಯ್ಯೋ ಪುಣ್ಯಾತ್ಮ, ನಲವತ್ತೆಂಟು ಕಾರ್ಡುಗಳನ್ನು ಮೂಗಿಗೆ ಹತ್ತಿರ ಹಿಡಿದು, ಒಂದೊಂದು ಅಕ್ಷರದ ಮೇಲೂ ರಬ್ಬರು ಎಳೆದು, ಒಂದನ್ನೂ ಓದಲಿಲ್ಲ! ಅವು ಅವನ ಕಣ್ಣಿಗೆ ಅಕ್ಷರಗಳಾಗಿ ಬಿದ್ದಿರಲೇ ಇಲ್ಲ, ಕಲೆಗಳಾಗಿ ಬಿದ್ದಿದ್ದವು. ಒಂದು ಕಾರ್ಡಿನ ಮೇಲೆ ಮಾತ್ರ ಅವನ್ಯಾರೋ ಪೆನ್ಸಿಲ್ಲು ಒತ್ತಿ ಒತ್ತಿ ಬರೆದುಬಿಟ್ಟಿದ್ದ, ಮೂರು ಸಲ ಉಜ್ಜಬೇಕಾಯಿತು, ಆಗ “ಯಾಕ್ ಇಷ್ಟ್ ಒತ್ತಿ ಸಾಯ್ತೀಯೋ ಮಾರಾಯಾ” ಎಂದು ಗೊಣಗಿದ್ದೂ ಉಂಟು. ಮುಂದಿನ ಸಭೆಯಲ್ಲಿ ವಿಕ್ರಮ ಕಾರ್ಡುಗಳನ್ನು ತಿರುಗಿಸಿ ತಿರುಗಿಸಿ ನೋಡಿ, “ಏಕದಮ್ ಕೋರೇ!” ಎಂದು ಕೂಗಿದ, ಗಚ್ಚಿಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಮಾರ್ತಾಂಡ ಕೈಮುಗಿದಿದ್ದ. ಆ ಕೈಮುಗಿದ ಫೋಟೋ ಇನ್ನೂ ಅವರ ವಾಟ್ಸಾಪ್ ಗುಂಪಿನಲ್ಲಿದೆ.

ವರದಾಬಾಯಿಯ ಫೋನು ಬಂದದ್ದು ಹದಿನೈದು ದಿನದ ಹಿಂದೆ, ಊಟದ ಬಿಡುವಿನಲ್ಲಿ. ಮುಂದಿನ ತಿಂಗಳು ಅಣ್ಣನ ವರ್ಷಾಂತಿಕ. ಕಾರ್ಡು ಬೇಡವಂತೆ, ಅವು ನಿಮ್ಮವೇ. ಹಿಂದೆ ಬರೆದದ್ದರ ಫೋಟೋ ಮಾತ್ರ ತೆಗೆದು ಕಳಿಸಬೇಕಂತೆ. “ಅವ ಇದ್ದಾಗ ನನಗ ಓದಲಿಕ್ಕೆ ಬಿಡ್ತಿದ್ದಿಲ್ಲರಿ. ಹೋದಮ್ಯಾಲೆ ನನಗ ಧೈರ್ಯ ಆಗ್ಲಿಲ್ಲ, ಅದಕ್ಕ ನಿಮ್ಮ ಕಡೆ ತಂದು ಹಾಕಿದೆ. ಈಗ ಓದಬೇಕನಸ್ತದ,” ಅಂದಳು. ಅವನ ಕೈಯಲ್ಲಿ ಚಪಾತಿಯ ತುತ್ತಿತ್ತು. ಅಳಿಸಿಬಿಟ್ಟೆ ಎಂಬುದು ಎಷ್ಟು ಸಣ್ಣ ಮಾತು, ಆ ಒಂದು ಗಳಿಗೆಯಲ್ಲಿ ಹೇಳಿದ್ದರೆ ಹೇಳಿದಂತಿರುತ್ತಿತ್ತು. ಅವನ ಬಾಯಿ ಮಾತ್ರ, “ಕಾರ್ಡು ನಾಶಿಕಕ್ಕ ಗೆಳ್ಯಾನ ಕಡೆ ಹೋಗ್ಯಾವರಿ,” ಎಂದಿತು. ನಾಲ್ಕು ದಿನ ಬಿಟ್ಟು ಅವಳು ಮತ್ತೆ ಕೇಳಿದಾಗ, ಬಂದಿವೆ ಆದರೆ ಪೆನ್ಸಿಲ್ಲು ಮಾಸಿ ಫೋಟೋದಲ್ಲಿ ಏಳುತ್ತಿಲ್ಲ, ನಾನೇ ಎಲ್ಲ ಬರೆದುಕೊಂಡು ತಂದು ಕೊಡುತ್ತೇನೆ ಎಂದ. “ಅಯ್ಯ, ನಿಮಗ ತ್ರಾಸ!” ಎಂದು ಆಕೆ ಪಾಪ ಸಂಕೋಚಪಟ್ಟಳು. ನಿನ್ನೆ ಶನಿವಾರ ಕಾರ್ಡುಗಳನ್ನು ಮೊಬೈಲಿನ ಟಾರ್ಚಿಗೆ ಓರೆ ಹಿಡಿದು ಹಿಡಿದು ನೋಡಿದ. ಪೆನ್ಸಿಲ್ಲು ಹೋದರೂ ಒತ್ತಿದ ಗೀರು ಅಲ್ಲಲ್ಲಿ ಉಳಿದಿರುತ್ತದೆ. ಹನ್ನೊಂದು ಕಾರ್ಡುಗಳಲ್ಲಿ ಮುರುಕು ಮಾತುಗಳು ಸಿಕ್ಕವು: ‘ನಳಕ್ಕ ನೀರು’, ‘ಹಲ್ಲು ನೋವು’, ‘ಮಾಸ್ತರು ಎಬ್ಬಿಸಿ’, ಅಂಥವು. ಉಳಿದವುಗಳಲ್ಲಿ ಏನೂ ಕಾಣಲಿಲ್ಲ. ಆಗ ಅವನು ಹಾಳೆ ಎಳೆದುಕೊಂಡು, ಅಂಥ ಹುಡುಗನೊಬ್ಬ ಏನು ಬರೆದಾನು ಎಂದು ಯೋಚಿಸಿ, ಒಂದರಿಂದ ನಲವತ್ತೆಂಟರವರೆಗೆ ಬರೆದುಬಿಟ್ಟ. ಕಷ್ಟವೇ ಆಗಲಿಲ್ಲ. ಬೆಳಗಾವಿಯ ತನ್ನ ಮನೆ, ತನ್ನ ಅಪ್ಪ, ತಾನು ಕೇಳಿ ಪಡೆದ ಗಮ್ಮು, ಎಲ್ಲ ತಾವಾಗಿ ಬಂದು ಕೂತವು. ನಡುವೆ ಎರಡು ಕಡೆ ಅವನ ಕಣ್ಣೇ ತುಂಬಿತು, ನಾಚಿಕೆಗೇಡು.

ಧನಕವಡಿಯಲ್ಲಿ ಮೂರನೇ ಮಹಡಿ. ಬಾಗಿಲಿನ ಮೇಲೆ ‘ಅವಧೂತ’ ಎಂಬ ಹೆಸರು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಇನ್ನೂ ಇತ್ತು. ವರದಾಬಾಯಿ ಇಸ್ತ್ರಿಯ ಸೀರೆ ಉಟ್ಟು, ಅತಿಥಿ ಬರುತ್ತಾನೆಂದು ಹಾಲ್‌ನ ಕುರ್ಚಿಗಳ ಧೂಳು ಝಾಡಿಸಿ ಕಾಯುತ್ತಿದ್ದಳು. “ಬರ್ರಿ ಬರ್ರಿ, ಬಿಸಲಾಗ ಬಂದ್ರಿ. ಇಂದೂ ಅವ್ರು ಬರಲಿಲ್ಲೇನ್ರಿ?” ಎಂದು ತಣ್ಣೀರು ಕೊಟ್ಟು, ಒಳಗಿನಿಂದ ಅವಲಕ್ಕಿಯ ಚೂಡಾ, ಬೇಸನ್ ಉಂಡಿ ತಂದಿಟ್ಟಳು. ಗೋಡೆಯ ಮೇಲೆ ಅವಧೂತನ ಫೋಟೋ, ಗಂಧದ ಹಾರ. ಸಪೂರ ಮುಖ, ಏನೋ ಹೇಳಹೊರಟು ತುಟಿ ಬಿಗಿಹಿಡಿದ ಹಾಗೆ. ಮಾರ್ತಾಂಡ ಆ ಕಡೆ ಬೆನ್ನು ಬರುವ ಕುರ್ಚಿಯನ್ನೇ ನೋಡಿ ಕೂತ. ಉಂಡಿ ಮುರಿದ. ಉಂಡಿ ಬಹಳ ರುಚಿಯಾಗಿತ್ತು, ಅದಕ್ಕೂ ಅವನಿಗೆ ನಾಚಿಕೆಯಾಯಿತು. ಹಾಳೆಯನ್ನು ತೆಗೆದುಕೊಟ್ಟಾಗ ಅವಳು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

“ಎಡಗಣ್ಣಿಗೆ ಪೊರೆ ಬಂದದರಿ, ಮುಂದಿನ ತಿಂಗಳ ಆಪರೇಶನ್ನು. ನಿಮ್ಮ ಅಕ್ಷರ ದೊಡ್ಡೂ ಅವ, ಓದಲಿಕ್ಕೆ ಬರ್ತಾವ,” ಎಂದು ಚಷ್ಮಾ ಏರಿಸಿಕೊಂಡಳು. ಓದತೊಡಗಿದಳು. ಬಾಯಿ ಬಿಟ್ಟೇ ಓದುತ್ತಿದ್ದಳು, ಲೈಬ್ರರಿಯಲ್ಲಿ ಸುಮ್ಮನಿದ್ದು ಸುಮ್ಮನಿದ್ದು ಮನೆಯಲ್ಲಿ ಹೀಗೆ ಓದುವ ರೂಢಿಯೋ ಏನೋ. ‘ಇವತ್ತು ನಳಕ್ಕ ನೀರು ಬರಲಿಲ್ಲ.’ “ಹೌದ್ರಿ! ಎರಡು ದಿನಕ್ಕೊಮ್ಮೆ ಬರ್ತಿತ್ತು!” ಎಂದು ನಕ್ಕಳು. ‘ಹಲ್ಲು ನೋವು. ಅವ್ವ ಲವಂಗ ಇಟ್ಟಳು.’ ಮತ್ತೆ ನಕ್ಕು, ಸೆರಗಿನಿಂದ ಮೂಗೊರೆಸಿಕೊಂಡಳು. ಮಾರ್ತಾಂಡನಿಗೆ ಒಂದು ಕ್ಷಣ ಇದೆಲ್ಲ ಹೀಗೇ ಮುಗಿದುಹೋಗುತ್ತದೆ, ಇವಳು ನಕ್ಕು ಅತ್ತು ಹಾಳೆಯನ್ನು ದೇವರ ಮುಂದಿಡುತ್ತಾಳೆ, ತಾನು ನಾಲ್ಕೂವರೆಯ ಬಸ್ಸು ಹಿಡಿಯಬಹುದು ಎನ್ನಿಸಿತು. ಹಾಗೆನ್ನಿಸಿದ್ದಕ್ಕೆ ಎಷ್ಟು ಹಗುರವಾಯಿತೆಂದರೆ ಇನ್ನೊಂದು ಉಂಡಿಗೆ ಕೈ ಚಾಚಿದ.

“‘ಅಪ್ಪ ಪ್ಯಾಟಿಗೆ ಕರಕೊಂಡು ಹೋಗಿ ಎರಡು ಗಮ್ಮು ಕೊಡಿಸಿದ,’” ಎಂದು ಓದಿ ಅವಳು ನಿಂತಳು. ಹಿಂದಿನ ಸಾಲಿಗೆ ಹೋಗಿ ಮತ್ತೆ ಓದಿದಳು. “ನಮ್ಮಪ್ಪ? ನಮ್ಮಪ್ಪ ಗಮ್ಮು ಕಂಡ್ರ ಉರದು ಬೀಳ್ತಿದ್ರು. ಟೇಲರ್ ರೀ ಅವ್ರು. ಅರಿವಿ ಬಟ್ಟಿಗೆ ಹತ್ತಿದ್ರ ಹೋಗಂಗಿಲ್ಲಂತ ಮನ್ಯಾಗ ತರಲಿಕ್ಕೇ ಬಿಡ್ತಿದ್ದಿಲ್ಲ. ಅಣ್ಣ ಈ ಕಾರ್ಡೆಲ್ಲಾ ಕೋಟಿನ ಗುಂಡಿ ಕೊಟ್ಟು ಹುಡುಗರ ಕಡೆಯಿಂದ ತಗೊಂಡಿದ್ದಾ, ಒಂದು ಗಮ್ಮು ಸೈತ ಅವ ತಿಂದಿಲ್ಲ.” ಮುಂದಿನ ಸಾಲು ಓದಿದಳು, ಈ ಸಲ ಬಾಯಿ ಬಿಡದೆ. ಅದರ ಮುಂದಿನದನ್ನೂ. ಆಮೇಲೆ ಚಷ್ಮಾದ ಮೇಲಿಂದ ಅವನನ್ನು ನೋಡಿದಳು. ಸಿಟ್ಟಿನ ನೋಟವಾಗಿರಲಿಲ್ಲ. ತಪ್ಪು ಪುಸ್ತಕ ತಂದುಕೊಟ್ಟ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿ, “ಇದನ್ನ ಯಾರು ಬರದದ್ರಿ?” ಎಂದಳು.

ಅವನ ಬಾಯಲ್ಲಿ ಉಂಡಿಯಿತ್ತು. ನುಂಗಬೇಕೋ ಬೇಡವೋ ತಿಳಿಯಲಿಲ್ಲ. ನುಂಗಿ, “ನಾನ ರೀ,” ಅಂದ. “ಹನ್ನೊಂದ ಅವರವು, ಅವೂ ಅರ್ಧಾ ಮರ್ಧಾ. ಉಳದದ್ದು ನಾನ ಬರದೇನ್ರಿ. ಹಿಂದಿಂದು ಎಲ್ಲಾ ನಾನ ಅಳಿಸೇನ್ರಿ ವರದಾಬಾಯಿ ಅವ್ರ. ರಬ್ಬರ್ ಹಾಕಿ. ನಾಶಿಕ ಗೀಶಿಕ ಎಲ್ಲಾ ಸುಳ್ಳು.”

“ಅಳಿಸೀರಿ? ಯಾಕ?”

“ಹಿಂದ ಬರದಿದ್ರ ಬೆಲೆ ಬರಂಗಿಲ್ಲಂತ.”

“ಓದಿ ಅಳಿಸಿದ್ರಿ?”

ಇದನ್ನೇ ಅವಳು ಕೇಳಬಾರದಿತ್ತು. “ಓದಲಿಲ್ಲರಿ,” ಎಂದ. ಕಾರ್ಖಾನೆಯಲ್ಲಿ ಕೆಂಪು ಚೀಟಿ ಕಟ್ಟಿದ ಮಾಲನ್ನು ಒಂದು ಕಬ್ಬಿಣದ ಪಂಜರದಲ್ಲಿ ಹಾಕಿ ಬೀಗ ಹಾಕುತ್ತಾರೆ, ತಪ್ಪಿ ಒಳ್ಳೆಯ ಮಾಲಿನಲ್ಲಿ ಸೇರಬಾರದೆಂದು. ತನ್ನನ್ನೂ ಯಾರಾದರೂ ಒಯ್ದು ಅದರೊಳಗೆ ಕೂಡಿಸಿದರೆ ಸಾಕಿತ್ತು, ಈ ಧೂಳು ಝಾಡಿಸಿದ ಕುರ್ಚಿ ಬೇಡವಾಗಿತ್ತು. ವರದಾಬಾಯಿ ಬೈಯಲಿಲ್ಲ. ಹಾಳೆಯನ್ನು ಮಡಿಕೆಯ ಗುರುತಿನ ಪ್ರಕಾರವೇ ಮತ್ತೆ ಮಡಿಚಿ ಟೀಪಾಯಿಯ ಮೇಲಿಟ್ಟು, ಅದು ಹಾರದಿರಲೆಂದು ಮೇಲೆ ಚಮಚ ಇಟ್ಟಳು. ಕೆಳಗೆ ರಸ್ತೆಯಲ್ಲಿ ಹಳೇ ಸಾಮಾನು ಕೊಳ್ಳುವ ಭಂಗಾರದವನು ಕೂಗಿಕೊಂಡು ಹೋದ. ಚಮಚವನ್ನು ನೇರ ಮಾಡುತ್ತ ಅವಳು ಕೇಳಿದಳು, “ಇಪ್ಪತ್ತಾರನೇದೂ ಅಳಿಸೀರಿ?”

“ಎಲ್ಲಾ ರೀ.”

“ನಾ ಓದಬೇಕಂದದ್ದು ಅದೊಂದ ರೀ. ಉಳದದ್ದು ಬರೇ ನೆವ.” ಇದನ್ನು ಹೇಳುವಾಗ ಅವಳ ದನಿ ಏರಿತು. ನಂತರ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದಳೋ, ಫೋಟೋಕ್ಕೆ ಹೇಳಿದಳೋ ತಿಳಿಯದ ಹಾಗೆ ಹೇಳಿದಳು. ಅವಳಿಗೆ ಒಂಬತ್ತು ವರ್ಷ, ಅಣ್ಣನಿಗೆ ಹನ್ನೆರಡು. ಅಪ್ಪನ ಅಂಗಡಿಯಲ್ಲಿ ಯಾರದೋ ಮದುವೆಯ ಸೂಟಿನ ಬಟ್ಟೆ ಬಂದಿತ್ತು, ನೀಲಿಯದು, ಮಿಂಚುತ್ತಿತ್ತು. ಗೊಂಬೆಗೆ ಲಂಗ ಮಾಡಲೆಂದು ಅವಳು ನಡುವಿನಿಂದಲೇ ಕತ್ತರಿಸಿಬಿಟ್ಟಳು. ಅಪ್ಪ ನೋಡಿ ಕೂಗಿಕೊಂಡಾಗ ಅಣ್ಣ ಕತ್ತರಿಸಿದ ಎಂದು ಹೇಳಿ ಪಕ್ಕದ ಮನೆಗೆ ಓಡಿಹೋದಳು. “ಅವ ತೊದಲತಿದ್ದಾರಿ. ಭಾಳ ತೊದಲತಿದ್ದಾ. ಅಪ್ಪನ ಮುಂದ ನಿಂತ್ರ ಒಂದ್ ಅಕ್ಷರ ಹೊರಗ ಬರ್ತಿದ್ದಿಲ್ಲ. ನಾ ಅಲ್ಲ ಅನ್ನಲಿಕ್ಕೆ ಅವನ ಬಾಯಿ ಏಳಲಿಲ್ಲ, ಅಷ್ಟರಾಗ ಅಪ್ಪ ಗಜದ ಪಟ್ಟಿ ಮುರಿಯೋ ತನಕಾ ಹೊಡದ್ರು. ನನಗ ಗೊತ್ತಿತ್ತರಿ ಅವಗ ಹೇಳ್ಲಿಕ್ಕೆ ಬರಂಗಿಲ್ಲಂತ. ಗೊತ್ತಿದ್ದ ಹೇಳಿದೆ. ಸಂಜಿಗೆ ಬಂದು ಬಾಗಲಾ ಸಂದ್ಯಾಗಿಂದ ನೋಡಿದ್ರ, ಮಾರಿ ಬಾತಿತ್ತು, ಮೂಲ್ಯಾಗ ಕೂತು ಆ ಸೇತುವಿ ಕಾರ್ಡಿನ ಹಿಂದ ಬರೀಲಿಕತ್ತಿದ್ದಾ. ಅವತ್ತ ಅದು ಅವಗ ಸಿಕ್ಕಿತ್ತು. ಏನ್ ಬರದಾ ಅಂತ ಮೂವತ್ತೊಂಬತ್ತು ವರ್ಷ ನಾ ಕೇಳಲಿಲ್ಲ, ಅವ ಹೇಳಲಿಲ್ಲ. ಒಂದ ಮನ್ಯಾಗ ಇದ್ವಿ ರೀ, ದಿನಾ ನಾನ ಊಟಕ್ಕ ಬಡಸ್ತಿದ್ದೆ.”

ಮಾರ್ತಾಂಡ ಆಲ್ಬಮ್ಮನ್ನು ಹೊರತೆಗೆದ. ಇದನ್ನು ಯಾಕೆ ತಂದಿದ್ದನೆಂದು ಅವನಿಗೇ ಗೊತ್ತಿರಲಿಲ್ಲ, ಹೊರಡುವಾಗ ಚೀಲಕ್ಕೆ ಹಾಕಿಕೊಂಡಿದ್ದ ಅಷ್ಟೆ. ಪ್ಲಾಸ್ಟಿಕ್ಕಿನ ಕಿಸೆಯಿಂದ ಇಪ್ಪತ್ತಾರನ್ನು ತೆಗೆದು ಹಿಂಬದಿ ನೋಡಿದ. ಅಚ್ಚುಕಟ್ಟಾದ, ಬೋಳು, ಬೂದು ಬಣ್ಣದ ರಟ್ಟು. ಇದನ್ನೇ ಅಲ್ಲವೇ ತಾನು ಮೂರು ಸಲ ಉಜ್ಜಿದ್ದು ಎಂದು ಬೆರಳಿಗೆ ನೆನಪಾಯಿತು. ನಿನ್ನೆ ಟಾರ್ಚಿನಲ್ಲಿ ಬರೀ ಗೀರುಗಳ ಗೋಜಲು ಕಂಡು, ಬೇಸತ್ತು ಕೆಳಗಿಟ್ಟಿದ್ದ. ಈಗ ಪಡುವಣ ಕಿಟಕಿಯಿಂದ ಬಿಸಿಲು ಒಳಕ್ಕೆ ಬಿದ್ದಿತ್ತು. ಎದ್ದು ಹೋಗಿ ಕಾರ್ಡನ್ನು ಬಿಸಿಲಿಗೆ ಮಟ್ಟಸವಾಗಿ ಹಿಡಿದು, ತಗಡಿನ ಮೇಲಿನ ಗೀರು ಹುಡುಕುವಾಗ ಮಾಡುವ ಹಾಗೆಯೇ ಕೂದಲೆಳೆಯಷ್ಟು ಕೂದಲೆಳೆಯಷ್ಟು ಓರೆ ಮಾಡುತ್ತ ಹೋದ. ಒಂದು ಕಡೆ ಬಂದಾಗ ರಟ್ಟಿನ ಮೇಲೆ ನೆರಳಿನ ಅಕ್ಷರಗಳು ಎದ್ದವು. ಉಸಿರು ಬಿಟ್ಟರೆ ಕೈ ಅಲುಗುತ್ತದೆ ಎಂದು ಉಸಿರು ಬಿಡಲಿಲ್ಲ. ಮೊದಲ ಸಾಲು ಓದಿದ, ಎರಡನೆಯದು, ಮತ್ತೆ ಮೊದಲಿನಿಂದ. ಸಂಶಯವೇ ಇರಲಿಲ್ಲ, ಇಷ್ಟು ಸ್ಪಷ್ಟವಾದದ್ದನ್ನು ಅವನು ಜೀವನದಲ್ಲಿ ಓದಿರಲಿಲ್ಲ.

“ವರದಾಬಾಯಿ ಅವ್ರ, ಅದರೀ, ಕಾಣಲಿಕತ್ತದ!” ಎಂದು ಹೆಚ್ಚುಕಡಿಮೆ ಕೂಗಿದ. “‘ಅಪ್ಪಾ ಕೇಳಿದಾ. ಹೂಂ, ನಾನ ಕತ್ತರಿಸೀನಿ ಅಂದೆ. ಈ ಸಲ ತೊದಲಲಿಲ್ಲ.’ ಹಂಗ ಬರದದರಿ!”

ಅವಳು ಎದ್ದು ಬಂದು ಕಿಟಕಿಯ ಹತ್ತಿರ ನಿಂತಳು. ಅವನು ಕೈ ಅಲುಗಿಸದೆ ಕಾರ್ಡು ಹಿಡಿದುಕೊಂಡು, ಇಲ್ಲಿ ನೋಡ್ರಿ, ಇದು ಹೂಂ, ಇದು ನಾನ, ಎಂದು ಕಿರುಬೆರಳಿನಿಂದ ತೋರಿಸಿದ. ಅವಳು ಚಷ್ಮಾ ಒರೆಸಿಕೊಂಡು ನೋಡಿದಳು, ಚಷ್ಮಾ ತೆಗೆದು ಬಲಗಣ್ಣಿಗೆ ಹತ್ತಿರ ತಂದು ನೋಡಿದಳು. “ನನಗೇನೂ ಕಾಣವಲ್ದರಿ,” ಅಂದಳು. ಕಾರ್ಡನ್ನು ತಾನೇ ತೆಗೆದುಕೊಂಡು ಉಗುರಿನ ತುದಿಯಿಂದ ಸವರಿದಳು, ಬೆರಳಿನಿಂದ ಸವರಿದಳು. ಅವನು ಮೂರು ಸಲ ಉಜ್ಜಿ, ಆಮೇಲೆ ಎರಡು ವಾರ ದಪ್ಪ ಪುಸ್ತಕಗಳ ಕೆಳಗಿಟ್ಟು ಮಟ್ಟಸ ಮಾಡಿದ ರಟ್ಟು. ಬೆರಳಿಗೆ ಹತ್ತುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ. ಅವಳ ಕಣ್ಣು ಕಾರ್ಡಿನಿಂದ ಮೆಲ್ಲಗೆ ಎದ್ದು ಟೀಪಾಯಿಯ ಮೇಲಿನ ಹಾಳೆಯ ಕಡೆ ಹೋಯಿತು. ಅಲ್ಲಿಂದ ಅವನ ಮುಖಕ್ಕೆ ಬಂತು. ಅವಳು ಯೋಚಿಸುತ್ತಿರುವುದು ಏನೆಂದು ಅವನಿಗೆ ಹೊಳೆಯಿತು. ಸೂಟಿನ ಬಟ್ಟೆಯ ಕಥೆಯನ್ನು ಅವಳೇ ಈಗಷ್ಟೇ ಹೇಳಿದ್ದಳು. ತೊದಲು ಎಂಬ ಮಾತನ್ನು ಅವನ ಬಾಯಿಗೆ ಕೊಟ್ಟವಳೂ ಅವಳೇ.

“ಖರೇ ರೀ,” ಎಂದ. “ದೇವರಾಣಿ. ಇದು ನಾ ಮಾಡಿದ್ದಲ್ಲರಿ. ಫೋಟೋ ತಗೀತೇನಿ ತಡೀರಿ.” ಮೊಬೈಲು ತೆಗೆದು, ಒಂದು ಕೈಯಲ್ಲಿ ಕಾರ್ಡು ಹಿಡಿದು ತೆಗೆದ, ಬೂದು ರಟ್ಟು ಬಂತು. ಇನ್ನೊಂದು ತೆಗೆದ. ಬೆವರಿದ ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ತೋರಿಸಿದರೆ ಅವಳು ಸಭ್ಯತೆಗಾಗಿ ಬಗ್ಗಿ ನೋಡಿ ತಲೆಯಾಡಿಸಿದಳು. ಅಷ್ಟರಲ್ಲಿ ಬಿಸಿಲು ಎದುರಿನ ಕಟ್ಟಡದ ನೀರಿನ ಟಾಕಿಯ ಹಿಂದೆ ಹೋಯಿತು. ಇಬ್ಬರೂ ತಿರುಗಿ ಬಂದು ಕೂತರು. ಇಪ್ಪತ್ತೇಳು ವರ್ಷ ಅವನು ಇದು ಸರಿ ಎಂದರೆ ಸರಿ, ಇದು ಬೇಡ ಎಂದರೆ ಬೇಡ, ಎರಡನೆಯವರು ತಿರುಗಿಸಿ ನೋಡುತ್ತಿರಲಿಲ್ಲ. ಆ ಕಣ್ಣು ಮೊದಲ ಸಲ ನೋಡಬೇಕಾದದ್ದನ್ನು ನೋಡಿ ಹೇಳಿದ ದಿನ, ಅವನ ಮಾತಿಗೆ ಆಸರೆಯಾಗಬಲ್ಲ ಒಂದೇ ಒಂದು ಸಾಕ್ಷಿಯನ್ನು ರಬ್ಬರಿನ ಚೂರು ಮಾಡಿ ದಾಡಿ ಬ್ರಶ್ಶಿನಿಂದ ಗುಡಿಸಿ ಚೆಲ್ಲಿದವನೂ ತಾನೇ ಆಗಿದ್ದ. ಹೊಡೆದು ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಅವಳು ಕಣ್ಣೊರೆಸಿಕೊಂಡು ಅವನತ್ತ ನೋಡಿ ನಕ್ಕಳು, ಕರುಣೆಯ ನಗು.

“ಇರ್ಲಿ ಬಿಡ್ರಿ,” ಅಂದಳು. “ನನ್ನ ಸಮಾಧಾನಕ್ಕಂತ ಇಷ್ಟೆಲ್ಲಾ ಮಾಡಿದ್ರಿ. ಯಾರ್ ಮಾಡ್ತಾರ್ರಿ ಈಗಿನ ಕಾಲದಾಗ.”

“ಸಮಾಧಾನಕ್ಕಲ್ಲರಿ, ಅವ್ರು ಖರೇನ ಬರದಾರ. ನಿಮಗ ಬೈದಿಲ್ಲರಿ ಅವ್ರು. ನಿಮ್ಮ ಸಲುವಾಗಿ ತಾವ ಒಪ್ಪಿಕೊಂಡಾರ.”

“ಹೂಂ ರೀ, ಖರೇ,” ಎಂದಳು ವರದಾಬಾಯಿ, ಮಕ್ಕಳಿಗೆ ಹೇಳುವ ಹಾಗೆ. ಕಾರ್ಡನ್ನು ಅಂಚು ಹಿಡಿದು, ಅವನು ಮಾಡುವುದನ್ನು ನೋಡಿ ಕಲಿತವಳಂತೆ ಜೋಪಾನವಾಗಿ ಪ್ಲಾಸ್ಟಿಕ್ಕಿನ ಕಿಸೆಗೆ ಸೇರಿಸಿ, ಆಲ್ಬಮ್ಮು ಮುಚ್ಚಿ ಅವನ ಕೈಗೆ ಕೊಟ್ಟಳು. ಇಟ್ಟುಕೊಳ್ಳಿರಿ, ನಿಮ್ಮದೇ ಇದು ಎಂದು ಅವನು ಎರಡು ಸಲ ಹೇಳಿದ. “ನಾ ಏನ್ ಮಾಡ್ಲಿ ಅದನ್ನ? ಸ್ವಚ್ಛ ಆಗ್ಯಾವ, ಛಲೋ ಬೆಲೆ ಬರ್ತದ, ನೀವ ಒಯ್ರಿ,” ಅಂದಳು. ಅದರಲ್ಲಿ ಚುಚ್ಚಿದ್ದೇನೂ ಇರಲಿಲ್ಲ, ಮನಸಾರೆ ಹೇಳಿದ್ದು. ಇಂದೂಗೆಂದು ಸ್ಟೀಲಿನ ಡಬ್ಬಿಯಲ್ಲಿ ಆರು ಉಂಡಿ ಹಾಕಿಕೊಟ್ಟಳು, ವರ್ಷಾಂತಿಕಕ್ಕೆ ಇಬ್ಬರೂ ಬರಲೇಬೇಕು ಎಂದಳು. ಅವನು ಎಲ್ಲವನ್ನೂ ತೆಗೆದುಕೊಂಡ.

ಒಂದು ಮಹಡಿ ಇಳಿದಿದ್ದ. ಮೇಲೆ ಎದುರು ಮನೆಯ ಬಾಗಿಲು ತೆರೆದ ಸದ್ದು, ನೆರೆಯವಳಿರಬೇಕು, ಯಾರು ಬಂದಿದ್ದರು ಎಂದು ಮರಾಠಿಯಲ್ಲಿ ಕೇಳಿದ ದನಿ. ಮಾರ್ತಾಂಡ ಮೆಟ್ಟಿಲಿನ ಕಟಾಂಜನ ಹಿಡಿದು ನಿಂತ. ಬೈಯಲಿ, ಒಮ್ಮೆ ಬೈದುಬಿಡಲಿ ತಾಯಿ, ಎಂದು ಕಾದ. “ಅಣ್ಣಾಚ್ಯಾ ಓಳಖೀಚೇ,” ಎಂದು ವರದಾಬಾಯಿ, ತನ್ನ ಅಣ್ಣನ ಗುರುತಿನವರು ಎಂದು ಹೇಳಿ, ಬಹಳ ಒಳ್ಳೆಯವರು ಎಂದು ಹೃದಯ ತುಂಬಿದವಳ ದನಿಯಲ್ಲಿ ಸೇರಿಸಿದಳು: “ಫಾರ್ ಚಾಂಗ್ಲೇ ಗೃಹಸ್ಥ ಆಹೇತ. ಫಾರ್ ಚಾಂಗ್ಲೇ.”